ಸವಳು ಹೊಲದಲ್ಲಿ ಹತ್ತಿ: ನೀರು ಬಿಡೋದು ಹೇಗೆ?

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಎರೆ ಭೂಮಿ ಸವಳಾಗೋದು ಹಳೇ ಸಮಸ್ಯೆ. ಬೆಳೆದು ನಿಂತ ಹತ್ತಿ ಉಪ್ಪು ತಡೆಯುತ್ತೆ, ಮೊಳಕೆ ತಡೆಯಲ್ಲ. ಮೊಳಕೆ ಸತ್ತರೆ ಮತ್ತೆ ಬೀಜ ತರಬೇಕು, ಅಂಗಡಿ ಉದ್ರಿನೂ ಬೆಳೆಯುತ್ತೆ.

ಬಿತ್ತೋ ಮುಂಚೆ: ಹೊಲ ಸಮ ಮಾಡಿ, ಒಮ್ಮೆ ಚೆನ್ನಾಗಿ ನೀರು ಹಾಯಿಸಿ. ಉಪ್ಪು ಕರಗಿ ಕೆಳಗಿಳಿಯುತ್ತೆ. ಬಸಿಗಾಲುವೆ ಇರಲೇಬೇಕು. ಇಲ್ಲದಿದ್ರೆ ಅಂತರ್ಜಲ ಮೇಲೆದ್ದು ಅದೇ ಉಪ್ಪನ್ನು ವಾಪಸ್ ತರುತ್ತೆ.

ಬಿತ್ತುವಾಗ: ಬೋದಿನ ನೆತ್ತಿ ಮೇಲೆ ಬೀಜ ಹಾಕಬೇಡಿ. ನೀರು ಅಲ್ಲಿಗೇರಿ ಆರಿದಾಗ ಉಪ್ಪು ಅಲ್ಲೇ ಉಳಿಯುತ್ತೆ. ಬೋದಿನ ಪಕ್ಕದ ಇಳಿಜಾರಿನಲ್ಲಿ, ನೀರು ಮುಟ್ಟೋ ಗುರುತಿನ ಹತ್ತಿರ ಊರಿ.

ಬೆಳೆ ಬಂದ ಮೇಲೆ: ನೆಲ ಪೂರ್ತಿ ಒಣಗೋವರೆಗೂ ಕಾಯಬೇಡಿ, ತೇವ ಕಮ್ಮಿಯಾದಷ್ಟೂ ಉಪ್ಪಿನ ಕಾಟ ಜಾಸ್ತಿ. ಹಾಗಂತ ನೀರು ನಿಲ್ಲಿಸಲೂ ಬೇಡಿ, ಬೇರು ಉಸಿರುಗಟ್ಟುತ್ತೆ.

ಹನಿ ನೀರಾವರಿ ಇದ್ದವರಿಗೆ: ಉಪ್ಪು ಒದ್ದೆ ಜಾಗದ ಅಂಚಿಗೆ ಸರಿದಿರುತ್ತೆ. ಸಣ್ಣ ಮಳೆ ಬಂದ್ರೆ ಅದು ಬೇರಿಗೆ ಇಳಿಯುತ್ತೆ. ಆಗ ಹನಿ ನೀರು ಬಂದ್ ಮಾಡಬೇಡಿ.

ಮಣ್ಣಿನ ರಸಸಾರ 8.5 ದಾಟಿದ್ರೆ ಅದು ಕ್ಷಾರ ಭೂಮಿ ಇರಬಹುದು. ಅದಕ್ಕೆ ಬರೀ ನೀರು ಸಾಲಲ್ಲ, ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕಬೇಕು. ಮಣ್ಣು ಪರೀಕ್ಷೆಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.