ಸ್ತನ್ಯಪಾಯಿ ಶಿಶುಗಳ ದೀರ್ಘಕಾಮಾಲೆ: ಚಿಕಿತ್ಸೆಯ ಇತಿಹಾಸ

ಹುಟ್ಟಿದ ಎರಡು ಮೂರು ದಿನಗಳಲ್ಲಿ ಶಿಶುವಿನ ಮೈ ಹಳದಿಗೆ ತಿರುಗಿ, ಒಂದೆರಡು ವಾರಗಳಲ್ಲಿ ತಿಳಿಯಾಗುವುದು ಲೋಕಪರಿಚಿತವಾದ ಸಂಗತಿ. ಜೀರ್ಣವಾದ ರಕ್ತಕಣಗಳಿಂದ ಉತ್ಪನ್ನವಾಗುವ ಬಿಲಿರುಬಿನ್ ಎಂಬ ವರ್ಣದ್ರವ್ಯವನ್ನು ಎಳೆಯ ಯಕೃತ್ತು ಬೇಗನೆ ವಿಸರ್ಜಿಸಲಾರದುದೇ ಇದಕ್ಕೆ ಕಾರಣ. ಆದರೆ ತಾಯಿಯ ಹಾಲನ್ನೇ ಕುಡಿದು ಪುಷ್ಟವಾಗಿ ಬೆಳೆಯುವ ಕೆಲವು ಶಿಶುಗಳಲ್ಲಿ ಈ ಹಳದಿಯು ಎರಡು ಮೂರು ತಿಂಗಳವರೆಗೂ ನಿಲ್ಲುವುದುಂಟು. ಇದನ್ನು ವೈದ್ಯರು ಅರ್ಥೈಸಿದ ಬಗೆ ಕಾಲಕಾಲಕ್ಕೆ ಬದಲಾಯಿತು. ಆ ಬದಲಾವಣೆಯ ಫಲವನ್ನು ತಾಯಂದಿರೂ ಶಿಶುಗಳೂ ಅನುಭವಿಸಿದರು.

ವೈದ್ಯರ ಭಯವು ನಿರಾಧಾರವಾದುದಲ್ಲ. ಮಿತಿಮೀರಿದ ಬಿಲಿರುಬಿನ್ ಮೆದುಳಿನ ಒಳಕೇಂದ್ರಗಳಲ್ಲಿ ನೆಲೆಸಿ ಅವನ್ನು ಕೆಡಿಸುತ್ತದೆ. ಜರ್ಮನಿಯ ಷ್ಮೋರ್ಲ್ ಎಂಬಾತನು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಇದಕ್ಕೆ ಕರ್ನಿಕ್ಟೆರಸ್ ಎಂದು ಹೆಸರಿಟ್ಟನು. ೧೯೪೦ರ ದಶಕದಲ್ಲಿ ರಕ್ತವನ್ನೇ ಬದಲಿಸುವ ಕ್ರಮವು ಬಳಕೆಗೆ ಬಂದಿತು.

ಸುಲಭತರವಾದ ಉಪಾಯವು ದೊರೆತುದು ಒಬ್ಬ ದಾದಿಯ ಅವಲೋಕನದಿಂದ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಅಕಾಲಜಾತ ಶಿಶುಗಳ ಮೇಲ್ವಿಚಾರಕಿಯಾಗಿದ್ದ ಸಿಸ್ಟರ್ ವಾರ್ಡ್, ಶಿಶುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದಳು. ೧೯೫೬ರಲ್ಲಿ ಆಕೆ ವೈದ್ಯರಿಗೆ ಒಂದು ಶಿಶುವನ್ನು ತೋರಿಸಿದಳು: ಮೈಯೆಲ್ಲ ತಿಳಿಯಾಗಿದ್ದರೂ, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋಣಾಕಾರದ ಭಾಗವು ಮಾತ್ರ ಗಾಢವಾದ ಹಳದಿಯಾಗಿ ಉಳಿದಿತ್ತು. ಬಿಸಿಲಿನಲ್ಲಿ ಉಳಿದುಹೋದ ರಕ್ತದ ನಳಿಕೆಯಲ್ಲಿಯೂ ಬಿಲಿರುಬಿನ್ ಕುಗ್ಗಿದುದು ಆಮೇಲೆ ಕಂಡುಬಂದಿತು. ಈ ಸುಳಿವುಗಳನ್ನು ಹಿಡಿದು ಕ್ರೆಮರ್, ಪೆರಿಮನ್, ರಿಚರ್ಡ್ಸ್ ಎಂಬವರು ೧೯೫೮ರಲ್ಲಿ ದೀಪಚಿಕಿತ್ಸೆಯನ್ನು ಪ್ರಕಟಿಸಿದರು. ನೀಲಿ ಬೆಳಕು ಬಿಲಿರುಬಿನ್ನಿನ ರೂಪವನ್ನು ಮಾರ್ಪಡಿಸಿ, ಯಕೃತ್ತಿಗೆ ಹೆಚ್ಚು ಶ್ರಮವಿಲ್ಲದೆ ಅದು ಹೊರಹೋಗುವಂತೆ ಮಾಡುತ್ತದೆ. ೧೯೬೮ರಲ್ಲಿ ಅಮೆರಿಕದ ಲೂಸಿ ಮೊದಲಾದವರ ಪರೀಕ್ಷೆಯು ಪ್ರಕಟವಾದ ಬಳಿಕ ಈ ಕ್ರಮವು ವ್ಯಾಪಕವಾಯಿತು.

ಇದೇ ಕಾಲದಲ್ಲಿ ಸಂಶಯವು ತಾಯಿಯ ಹಾಲಿನ ಮೇಲೆ ಬಿದ್ದಿತು. ೧೯೬೪ರಲ್ಲಿ ಏರಿಯಸ್, ಗಾರ್ಟ್ನರ್ ಮೊದಲಾದವರು ಅಂತಹ ಹಾಲಿನಲ್ಲಿರುವ ಒಂದು ಸ್ಟೆರಾಯಿಡ್ ಯಕೃತ್ತಿನ ಕಾರ್ಯವನ್ನು ತಡೆಯುವುದೆಂದು ಪ್ರತಿಪಾದಿಸಿದರು. ಒಂದೆರಡು ದಿನ ಹಾಲು ನಿಲ್ಲಿಸಿದರೆ ಹಳದಿ ಇಳಿಯುತ್ತಿದ್ದುದರಿಂದ, ಹಾಲನ್ನು ಬಿಡಿಸುವುದೇ ಪರೀಕ್ಷೆಯೂ ಚಿಕಿತ್ಸೆಯೂ ಆಯಿತು. ಸ್ಟೆರಾಯಿಡಿನ ವಾದವು ಮುಂದಿನ ಸಂಶೋಧನೆಗಳಿಂದ ದೃಢಪಡಲಿಲ್ಲ. ೨೦೦೦ದಲ್ಲಿ ಜಪಾನಿನ ಮಾರುವೊ ಮತ್ತು ಸಹೋದ್ಯೋಗಿಗಳು ಇಂತಹ ೧೭ ಶಿಶುಗಳನ್ನು ಪರೀಕ್ಷಿಸಲು, ೧೬ರಲ್ಲಿ ಬಿಲಿರುಬಿನ್ನನ್ನು ಸಂಸ್ಕರಿಸುವ ಕಿಣ್ವದ ಜೀನಿನಲ್ಲಿಯೇ ವ್ಯತ್ಯಾಸವು ಕಂಡಿತು. ಕಾರಣವು ಹಾಲೊಂದರಲ್ಲಿಯೇ ಇಲ್ಲವೆಂಬುದು ಇದರಿಂದ ವಿಶದವಾಯಿತು. ಅಷ್ಟರೊಳಗೆ, ೧೯೯೪ರಲ್ಲಿಯೇ, ಅಮೆರಿಕದ ಶಿಶುವೈದ್ಯರ ಅಕಾಡೆಮಿಯು ಪೂರ್ಣಮಾಸದ ಆರೋಗ್ಯವಂತ ಶಿಶುಗಳಿಗೆ ಹಾಲು ಬಿಡಿಸುವುದನ್ನು ನಿರುತ್ಸಾಹಗೊಳಿಸಿ, ಪದೇಪದೇ ಹಾಲೂಡಿಸಬೇಕೆಂದು ವಿಧಿಸಿತ್ತು. ಮೊದಲ ವಾರದ ಕಾಮಾಲೆಗೆ ಅನೇಕ ವೇಳೆ ಹಾಲು ಸಾಲದಿರುವುದೇ ಕಾರಣವಾಗಿರುವುದರಿಂದ, ಅಲ್ಲಿ ಹಾಲನ್ನು ನಿಲ್ಲಿಸುವುದು ವಿಪರೀತವಾದ ಉಪಾಯವೇ ಸರಿ.

ಹಾಗೆಂದು ದೀರ್ಘಕಾಮಾಲೆಯನ್ನು ಉಪೇಕ್ಷಿಸಲಾಗದು. ಪಿತ್ತನಾಳಗಳು ಮುಚ್ಚಿಹೋದ ಶಿಶುವೂ ಆರಂಭದಲ್ಲಿ ಹೀಗೆಯೇ ಹಳದಿಯಾಗಿ ತೋರುತ್ತದೆ. ಜಪಾನಿನ ಕಸಾಯಿ ೧೯೫೯ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯು ಮೊದಲ ಎರಡು ತಿಂಗಳೊಳಗೆ ನಡೆದರೆ ಹೆಚ್ಚು ಫಲಪ್ರದ. ಮಲವು ಬಿಳಿಚಿ, ಮೂತ್ರವು ಗಾಢವಾದರೆ ಅದು ಹಾಲಿನ ಕಾಮಾಲೆಯಲ್ಲ. ಆದುದರಿಂದ ಮೂರು ನಾಲ್ಕು ವಾರಗಳಾದರೂ ಹಳದಿ ಹೋಗದಿದ್ದರೆ ಬಿಲಿರುಬಿನ್ನಿನ ಎರಡು ಬಗೆಗಳನ್ನೂ ಅಳೆಯಬೇಕೆಂದು ೨೦೨೨ರ ಅಮೆರಿಕದ ನಿಯಮಾವಳಿ ಹೇಳುತ್ತದೆ. ಹಾಲನ್ನು ನಿಲ್ಲಿಸಿ ನಿರ್ಣಯಿಸುತ್ತಿದ್ದುದನ್ನು ಇಂದು ಹಾಲು ಕೊಡುತ್ತಲೇ ರಕ್ತಪರೀಕ್ಷೆಯಿಂದ ನಿರ್ಣಯಿಸುವುದು ಸಾಧ್ಯವಾಗಿದೆ.