ಅವಸರದ ಬಂದರಿನಲ್ಲಿ ಬಿಡುವಿನ ದಿನಗಳು

ಕೇರಳದ ಆಲಪ್ಪುಳಕ್ಕೆ ರಜೆಗೆಂದು ಹೊರಡುವವರ ಲೆಕ್ಕಾಚಾರ ಸಾಮಾನ್ಯವಾಗಿ ಹೌಸ್‌ಬೋಟಿನಿಂದ ಶುರುವಾಗಿ ಅಲ್ಲೇ ಮುಗಿದುಬಿಡುತ್ತದೆ. ಮಧ್ಯಾಹ್ನ ದೋಣಿ ಹತ್ತಿ, ಕರಿಮೀನು ತಿಂದು, ರಾತ್ರಿ ನೀರಿನ ಮೇಲೆ ಮಲಗೆದ್ದು ಬೆಳಿಗ್ಗೆ ಇಳಿದರೆ ಊರು ನೋಡಿದಂತಾಯಿತು. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ವೇಂಬನಾಡು ಸರೋವರ. ನಡುವಿನ ಮರಳುಪಟ್ಟಿಯ ಮೇಲೆ ಕೂತ ಈ ಊರು ಈಗ ಆಲಸ್ಯಕ್ಕೆ ಹೆಸರುವಾಸಿ. ಆದರೆ ಇಲ್ಲಿನ ಕಾಲುವೆಗಳನ್ನು ತೋಡಿಸಿದ್ದು ವ್ಯಾಪಾರದ ಅವಸರ.

ಹದಿನೆಂಟನೇ ಶತಮಾನದ ಮಧ್ಯದಲ್ಲಿ ಕೊಚ್ಚಿ ಡಚ್ಚರ ಹಿಡಿತದಲ್ಲಿತ್ತು. ದಕ್ಷಿಣದ ತಿರುವಾಂಕೂರು ಸಂಸ್ಥಾನಕ್ಕೆ ತನ್ನದೇ ಬಂದರು ಬೇಕಿತ್ತು. ಧರ್ಮರಾಜನೆಂದು ಪ್ರಸಿದ್ಧನಾದ ಕಾರ್ತಿಕ ತಿರುನಾಳ್ ರಾಮವರ್ಮನ ಕಾಲದಲ್ಲಿ, 1762ರಲ್ಲಿ, ಆಲಪ್ಪುಳ ಬಂದರು ತೆರೆಯಿತು. ಅದನ್ನು ಬೆಳೆಸಿದ ಕೀರ್ತಿ ಮುಂದೆ ದಿವಾನನಾದ ರಾಜಾ ಕೇಶವದಾಸನದು. ಜಾಗದ ಆಯ್ಕೆಯಲ್ಲೇ ಜಾಣ್ಮೆ ಇದೆ. ಪಂಪಾ, ಮಣಿಮಲ, ಮೀನಚ್ಚಿಲ್ ನದಿಗಳೆಲ್ಲ ಬೆಟ್ಟದ ಸೀಮೆಯಿಂದ ಇಳಿದು ವೇಂಬನಾಡಿಗೇ ಬಂದು ಸೇರುತ್ತವೆ. ಮೆಣಸು, ಏಲಕ್ಕಿ, ಶುಂಠಿ ಸರೋವರದವರೆಗೆ ನೀರಿನ ಮೇಲೇ ಬರಬಹುದಿತ್ತು. ಅಲ್ಲಿಂದ ಕಡಲ ದಂಡೆಯ ಕಡೆಗೆ ಸಾಗಿಸುವುದಷ್ಟೇ ಬಾಕಿ. ಅದಕ್ಕಾಗಿ ಒಂದಕ್ಕೊಂದು ಸಮಾನಾಂತರವಾಗಿ ಎರಡು ಕಾಲುವೆಗಳಾದವು: ವಾಡೈ ಕಾಲುವೆ, ಕಮರ್ಷಿಯಲ್ ಕಾಲುವೆ. ದಂಡೆಯುದ್ದಕ್ಕೂ ಮಳಿಗೆಗಳು ಎದ್ದವು. ಕಛ್, ಗುಜರಾತ್, ಮುಂಬೈ ಕಡೆಯ ವ್ಯಾಪಾರಿಗಳು ಬಂದು ನೆಲೆ ನಿಂತರು. ಕೊಂಕಣಿ ಮಾತಾಡುವ ಗೌಡ ಸಾರಸ್ವತರೂ ಇಲ್ಲಿದ್ದಾರೆ. ಮಂಗಳೂರಿನಿಂದ ಹೋದವರಿಗೆ ಪೇಟೆಯಲ್ಲಿ ಪರಿಚಿತ ಮಾತು ಕಿವಿಗೆ ಬಿದ್ದರೆ ಅಚ್ಚರಿಯಿಲ್ಲ.

ಕಡಲೂ ಈ ಊರಿಗೆ ಒಂದು ಉಪಕಾರ ಮಾಡಿತ್ತು. ಮುಂಗಾರಿನಲ್ಲಿ ಇಲ್ಲಿನ ತೀರದಾಚೆ ಮೆತ್ತನೆಯ ಕೆಸರಿನ ದಿಬ್ಬ ಏಳುತ್ತದೆ. ಮಲಯಾಳಿಗಳು ಅದನ್ನು ಚಾಕರ ಎನ್ನುತ್ತಾರೆ. ಅಲೆಯ ಆರ್ಭಟ ಆ ಕೆಸರಿನಲ್ಲಿ ಇಂಗಿಹೋಗಿ ನೀರು ಶಾಂತವಾಗುತ್ತದೆ. ಪಶ್ಚಿಮ ಕರಾವಳಿಯ ಎಷ್ಟೋ ಬಂದರುಗಳು ಮಳೆಗಾಲಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದಾಗ ಇಲ್ಲಿ ಹಡಗುಗಳು ಲಂಗರು ಹಾಕುತ್ತಿದ್ದವು. 1862ರಲ್ಲಿ ದೀಪಸ್ತಂಭ ಬೆಳಗಿತು.

ಅದಕ್ಕೆ ಮೂರು ವರ್ಷ ಮೊದಲು, 1859ರಲ್ಲಿ, ಜೇಮ್ಸ್ ಡರಾ ಎಂಬ ಐರಿಷ್ ಮೂಲದ ಉದ್ಯಮಿ ಇಲ್ಲಿ ತೆಂಗಿನ ನಾರಿನ ಚಾಪೆ, ಜಮಖಾನೆ ನೇಯುವ ಕಾರ್ಖಾನೆ ತೆರೆದ. ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಸಿಪ್ಪೆ ಕೊಳೆಹಾಕುವುದು, ಎತ್ತಿ ಬಡಿದು ನಾರು ಬಿಡಿಸುವುದು, ಹುರಿ ಹೊಸೆಯುವುದು ಹಳ್ಳಿಹಳ್ಳಿಯ ಹೆಂಗಸರ ಕೆಲಸವಾಯಿತು. ಆ ನೀರಿನ ವಾಸನೆ ಪ್ರವಾಸದ ಚಿತ್ರಗಳಲ್ಲಿ ಬರುವುದಿಲ್ಲ. ಇಂಥ ಕಾರ್ಖಾನೆಗಳ ಕೆಲಸಗಾರರು 1922ರಲ್ಲಿ ಸಂಘ ಕಟ್ಟಿದರು. 1946ರ ಅಕ್ಟೋಬರಿನಲ್ಲಿ, ಸಂಸ್ಥಾನದ ಆಡಳಿತದ ವಿರುದ್ಧ ನಡೆದ ಪುನ್ನಪ್ರ–ವಯಲಾರ್ ಹೋರಾಟದಲ್ಲಿ, ತಿರುವಾಂಕೂರಿನ ಸೈನ್ಯದ ಗುಂಡಿಗೆ ಎದೆಯೊಡ್ಡಿದವರಲ್ಲೂ ನಾರಿನ ಕಾರ್ಮಿಕರು ಬಹಳ ಮಂದಿ.

ಅಷ್ಟರಲ್ಲಿ ಬಂದರಿನ ಕಾಲ ಸರಿಯುತ್ತಿತ್ತು. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರು 1920ರ ದಶಕದಲ್ಲಿ ಕೊಚ್ಚಿಯ ಅಳಿವೆಯ ದಿಬ್ಬವನ್ನು ಕಡಿದು ದೊಡ್ಡ ಹಡಗುಗಳಿಗೆ ದಾರಿ ಮಾಡಿದ್ದ. ವಹಿವಾಟು ಮೆಲ್ಲಗೆ ಅತ್ತ ಹೊರಳಿತು. ಆಲಪ್ಪುಳದ ಮಳಿಗೆಗಳಿಗೆ ಬೀಗ ಬಿತ್ತು. ಕಡಲಿಗೆ ಚಾಚಿದ್ದ ಸೇತುವೆಯಲ್ಲಿ ಕಂಬಗಳಷ್ಟೇ ಉಳಿದವು. ಸಾಲು ಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಇಲ್ಲಿ ಸರಕು ಇಳಿಯುತ್ತಿತ್ತೆಂದು ಹೇಳುವವರು ಬೇಕು.

ಮೊಳೆಯಿಲ್ಲದೆ, ಹಲಗೆಗೆ ಹಲಗೆಯನ್ನು ನಾರಿನ ಹಗ್ಗದಿಂದ ಹೊಲಿದ ಕೆಟ್ಟುವಳ್ಳಂಗಳದೂ ಇದೇ ಕಥೆ. ಸರೋವರದ ಸುತ್ತಲಿನ ತಗ್ಗು ಸೀಮೆಯಾದ ಕುಟ್ಟನಾಡಿನ ಭತ್ತ ಹೊರುತ್ತಿದ್ದ ಆ ದೋಣಿಗಳ ಕೆಲಸವನ್ನು ರಸ್ತೆ ಬಂದ ಮೇಲೆ ಲಾರಿಗಳು ಕಿತ್ತುಕೊಂಡವು. 1990ರ ದಶಕದ ಆರಂಭದಲ್ಲಿ ಯಾರಿಗೋ ಬುದ್ಧಿ ಹೊಳೆದು, ಭತ್ತದ ಮೂಟೆಯ ಜಾಗಕ್ಕೆ ಮಂಚ ಬಂತು. ಇವತ್ತು ಸೀಸನ್ನಿನಲ್ಲಿ ವೇಂಬನಾಡಿನ ಭಾಗವಾದ ಪುನ್ನಮಡ ಸರೋವರದ ತುಂಬ ಡೀಸೆಲ್ ಸದ್ದು. ಬಿಡುವು ಹುಡುಕಿ ಬಂದವರು ದೋಣಿಗಳ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದೂ ಉಂಟು.

ಹಾಗಾಗಿ ಹೌಸ್‌ಬೋಟಿಗೆ ಒಂದು ದಿನ ಕೊಟ್ಟರೆ ಊರಿಗೂ ಒಂದು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ವಾಡೈ ಕಾಲುವೆಯ ದಂಡೆ ಹಿಡಿದು ನಡೆದರೆ ಹಳೆಯ ಪೇಟೆಯ ನಕ್ಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಗಸ್ಟಿನಲ್ಲಿ ಹೋಗುವವರು ನೆಹರೂ ಟ್ರೋಫಿಯ ದಿನಾಂಕ ನೋಡಿಕೊಂಡು ಹೋಗಲಿ. 1952ರಲ್ಲಿ ನೆಹರೂ ಎದುರು ನಡೆದ ಹಾವುದೋಣಿ ಸ್ಪರ್ಧೆಯಿಂದ ಹುಟ್ಟಿದ ಪಂದ್ಯ ಅದು. ಉಳಿದ ದಿನಗಳಲ್ಲಾದರೆ ರಾಜ್ಯ ಜಲಸಾರಿಗೆ ಇಲಾಖೆಯ ಜೆಟ್ಟಿಯಿಂದ ಕೋಟ್ಟಯಂ ಕಡೆಯ ಸಾರ್ವಜನಿಕ ದೋಣಿ ಹತ್ತಬಹುದು. ಏರಿಯ ಆಚೆ, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಬೆಳೆಯುವ ಕುಟ್ಟನಾಡಿನ ಭತ್ತದ ಗದ್ದೆಗಳು ಆ ದೋಣಿಯಿಂದಲೂ ಕಾಣುತ್ತವೆ. ಟಿಕೆಟ್ಟಿನ ದುಡ್ಡು ಹೌಸ್‌ಬೋಟಿನ ಬಾಡಿಗೆಯ ಮುಂದೆ ಲೆಕ್ಕಕ್ಕೇ ಇಲ್ಲ.