ಕಣ್ಣಿಗೆ ಕಾಣೋ ಹೆಡರ್ ಕೋಡ್‌ಗೆ ಯಾಕೆ ಸಿಗಲ್ಲ? | ವೆಬ್‌ನ ಹಳೇ ಕಥೆಗಳು, ಭಾಗ 6

ಮೊನ್ನೆ ಲ್ಯಾಬ್‌ನಲ್ಲಿ ನಮ್ಮ ಪ್ರಾಜೆಕ್ಟ್ ಒಂದೇ ಒಂದು ಸಾಲಿಗೆ ನಿಂತುಬಿಡ್ತು. ಬೇರೆ ಪೋರ್ಟ್‌ನಲ್ಲಿ ಓಡ್ತಿದ್ದ ನಮ್ಮದೇ ಸರ್ವರ್ ‘ಎಕ್ಸ್-ಟೋಟಲ್-ಕೌಂಟ್’ ಅನ್ನೋ ಹೆಡರ್ ಕಳಿಸ್ತಿತ್ತು. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಎದ್ದು ಕಾಣ್ತಿತ್ತು. ಸ್ಕ್ರಿಪ್ಟ್‌ನಲ್ಲಿ ಕೇಳಿದ್ರೆ ಮಾತ್ರ ‘ನಲ್’! ಒಬ್ಬ ಬ್ರೌಸರ್‌ಗೆ ಬೈದ. ಇನ್ನೊಬ್ಬಳು ದೊಡ್ಡಕ್ಷರ ಚಿಕ್ಕಕ್ಷರ ಬದಲಿಸಿ ನೋಡಿದಳು (ಹೆಡರ್ ಹೆಸರಿಗೆ ಅದು ಲೆಕ್ಕಕ್ಕೇ ಇಲ್ಲ). ನಾನು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ಆಮೇಲೆ ಹುಡುಕ್ತಾ ಹೋದಾಗ ಸಿಕ್ಕಿದ ಕಥೆ ಇದು.

1991ರ ಮೊದಲ ಎಚ್‌ಟಿಟಿಪಿಯಲ್ಲಿ ಹೆಡರೇ ಇರಲಿಲ್ಲ. ಪುಟ ಕೇಳು, ಪುಟ ತಗೋ, ಅಷ್ಟೇ. 1996ರಲ್ಲಿ 1.0 ದಾಖಲೆ ಬರೋ ಹೊತ್ತಿಗೆ ಉತ್ತರದ ತಲೆ ಮೇಲೊಂದು ಚೀಟಿ ಇತ್ತು: ಯಾವ ಬಗೆಯ ಫೈಲು, ಎಷ್ಟು ಉದ್ದ, ಯಾವಾಗ ಬದಲಾಯ್ತು. ಅದನ್ನ ಓದ್ತಿದ್ದದ್ದು ಬ್ರೌಸರ್. ಪುಟದೊಳಗಿನ ಸ್ಕ್ರಿಪ್ಟ್‌ಗೆ ಸಿಗ್ತಿದ್ದದ್ದು ಚೂರುಪಾರು. ಹಿಂದಿನ ಪುಟದ ವಿಳಾಸ ಹೇಳೋ ‘ರೆಫರರ್’ ಥರದ್ದು. ಅದರದ್ದೊಂದು ತಮಾಷೆ: ಹೆಡರ್‌ನಲ್ಲಿ ಆ ಇಂಗ್ಲಿಷ್ ಪದದ ಒಂದು ‘ಆರ್’ ಬಿಟ್ಟುಹೋಗಿದೆ, ಸ್ಕ್ರಿಪ್ಟ್‌ನಲ್ಲಿ ಸರಿಯಾಗಿದೆ. ಇವತ್ತಿಗೂ ಹಾಗೇ!

1999ರಲ್ಲಿ ಆಟ ಬದಲಾಯ್ತು. ಔಟ್‌ಲುಕ್ ಮೇಲ್ ಬ್ರೌಸರ್‌ನಲ್ಲೇ ಓಡಬೇಕು ಅಂತ ಮೈಕ್ರೋಸಾಫ್ಟ್‌ನವರು ಮಾಡಿಕೊಂಡ ಒಂದು ಸಲಕರಣೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂತು. ಅದೇ ಮುಂದೆ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಆಯ್ತು. ಅದರ ‘ಗೆಟ್‌ರೆಸ್ಪಾನ್ಸ್‌ಹೆಡರ್’ ಕರೆದರೆ ಸಾಕು, ಚೀಟಿ ಸೀದಾ ಸ್ಕ್ರಿಪ್ಟ್ ಕೈಗೆ.

ಸ್ಕ್ರಿಪ್ಟ್ ಕೈಗೆ ಅಂದ್ರೆ ಕಳ್ಳನ ಸ್ಕ್ರಿಪ್ಟ್ ಕೈಗೂ ತಾನೇ? ಲಾಗಿನ್ ಕುಕಿ ಕದ್ದರೆ ಪಾಸ್‌ವರ್ಡ್ ಬೇಕಿಲ್ಲ, ನಿಮ್ಮ ಖಾತೆ ಅವನದ್ದೇ. ಅದಕ್ಕೆ 2002ರಲ್ಲಿ ಎಕ್ಸ್‌ಪ್ಲೋರರ್‌ಗೆ ‘ಎಚ್‌ಟಿಟಿಪಿಓನ್ಲಿ’ ಬಂತು: ಈ ಗುರುತಿದ್ದ ಕುಕಿಯನ್ನ ಸ್ಕ್ರಿಪ್ಟ್ ಓದೋ ಹಾಗಿಲ್ಲ. ಮರುವರ್ಷ ಜನವರಿಯಲ್ಲೇ ಜೆರೆಮಿಯಾ ಗ್ರಾಸ್‌ಮನ್ ಅನ್ನೋ ಭದ್ರತಾ ತಜ್ಞ ಅದರಲ್ಲಿ ತೂತು ತೋರಿಸಿದ. ‘ಟ್ರೇಸ್’ ಅಂತ ಒಂದು ಹಳೇ ವಿಧಾನ ಇದೆ. ಸರ್ವರ್ ತನಗೆ ಬಂದದ್ದನ್ನ ಹಾಗೇ ವಾಪಸ್ ಒದರುತ್ತೆ. ಸ್ಕ್ರಿಪ್ಟ್ ಟ್ರೇಸ್ ಕಳಿಸಿದ್ರೆ ಬ್ರೌಸರ್ ತಾನಾಗೇ ಕುಕಿ ಹೆಡರ್ ಸೇರಿಸುತ್ತೆ, ಸರ್ವರ್ ಅದನ್ನೂ ಸೇರಿಸಿ ಉತ್ತರ ಕೊಡುತ್ತೆ, ಸ್ಕ್ರಿಪ್ಟ್ ಆರಾಮಾಗಿ ಓದ್ಕೊಳ್ಳುತ್ತೆ. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಹಾರುಹೊಡ್ಕೊಂಡು!

ಆಮೇಲೆ ಬ್ರೌಸರ್‌ಗಳು ಸ್ಕ್ರಿಪ್ಟ್‌ನಿಂದ ಟ್ರೇಸ್ ಕಳಿಸೋದನ್ನೇ ನಿಲ್ಲಿಸಿದವು. ‘ಸೆಟ್-ಕುಕಿ’ ಹೆಡರ್ ಕೂಡ ಈಗ ಸ್ಕ್ರಿಪ್ಟ್‌ಗೆ ಸಿಗಲ್ಲ, ತಲೆಕೆಳಗಾಗಿ ನಿಂತರೂ.

ನಮ್ಮ ‘ನಲ್’ಗೆ ಕಾರಣ ಇದರ ಮುಂದಿನ ಕಂತು. ಒಂದು ಸೈಟಿನ ಸ್ಕ್ರಿಪ್ಟ್ ಇನ್ನೊಂದರ ಉತ್ತರ ಓದೋಕೆ ‘ಕಾರ್ಸ್’ ನಿಯಮಗಳು ಬಂದವು. 2014ರಲ್ಲಿ ಡಬ್ಲ್ಯೂ3ಸಿ ಅವನ್ನ ಅಧಿಕೃತ ಶಿಫಾರಸು ಮಾಡಿತು. ತನ್ನ ಹೆಡರ್‌ಗಳನ್ನ ಪರರ ಸ್ಕ್ರಿಪ್ಟ್ ಓದಲ್ಲ ಅಂತ ನಂಬಿದ್ದ ಹಳೇ ಸರ್ವರ್‌ಗಳು ಎಷ್ಟೋ ಇದ್ದವು. ಹಾಗಾಗಿ ಕಂಟೆಂಟ್-ಟೈಪ್, ಲಾಸ್ಟ್-ಮಾಡಿಫೈಡ್, ಕ್ಯಾಶ್-ಕಂಟ್ರೋಲ್ ಥರ ಬೆರಳೆಣಿಕೆಯವು ಮಾತ್ರ ಫ್ರೀ. ಮಿಕ್ಕಿದ್ದಕ್ಕೆಲ್ಲ ಸರ್ವರ್ ಬಾಯಿಬಿಟ್ಟು ಒಪ್ಪಬೇಕು: ‘ಆಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್’. ಪೋರ್ಟ್ ಬೇರೆ ಆದ್ರೂ ಬ್ರೌಸರ್ ಲೆಕ್ಕದಲ್ಲಿ ಪರರೇ.

ಸರ್ವರ್‌ನಲ್ಲಿ ಆ ಒಂದು ಸಾಲು ಸೇರಿಸಿದ್ವಿ, ಸಂಖ್ಯೆ ಬಂತು. ಮೊದಲು ಸೋಮಾರಿತನಕ್ಕೆ ನಕ್ಷತ್ರ ಚಿಹ್ನೆ ಹಾಕಿದ್ದೆ. ಕುಕಿ ಜೊತೆ ಹೋಗೋ ರಿಕ್ವೆಸ್ಟ್‌ಗೆ ಅದು ನಡೆಯಲ್ಲ, ಹೆಡರ್ ಹೆಸರನ್ನೇ ಬರೀಬೇಕು.

ಭಾಗ 7: ಕುಕಿಗೆ ಕುಕಿ ಅಂತ ಯಾಕಂದ್ರು?

#ವೆಬ್‌ಇತಿಹಾಸ #ಕನ್ನಡದಲ್ಲಿಕೋಡಿಂಗ್